ಅಳತೆಗೆ ಕಳಿಸಿದ ರವಿಕೆ

ಜಾವಳಿ
೧೪-೨-೧೯೩೮

ಚಿ॥ ಸೌ॥ ತುಂಗಮ್ಮನಿಗೆ ನಿನ್ನ ದೊಡ್ಡಮ್ಮನ ಮಗಳು ರುದ್ರಾಣಿಯ ಆಶೀರ್ವಾದಗಳು. ಇಲ್ಲಿ ನಿನ್ನ ಭಾವ ಕ್ಷೇಮ, ಮೂರು ಮಕ್ಕಳು ಕ್ಷೇಮ, ದನಕರು ಕ್ಷೇಮ. ನಾನೊಬ್ಬಳು ಮಾತ್ರ ಕ್ಷೇಮವಿಲ್ಲ. ಅದಕ್ಕೆ ಕಾರಣಳಾದ ಪಾಪಿ ಯಾರು? ನೀನು! ಕಳಸದ ಮದುವೆಗೆ ನೀನು ಹಾಕಿಕೊಂಡು ಬಂದ ಆ ರವಿಕೆ!

ನಾಟಕದ ಕಂಪನಿಗಳು ಊರಿಗೆ ಬಂದಾಗಲೆಲ್ಲ ಅಪ್ಪ ನಮ್ಮ ಗೋದಾಮನ್ನು ಬಿಟ್ಟುಕೊಡುತ್ತಿದ್ದರಲ್ಲ, ಅಲ್ಲಿ ಮುಂದಿನ ಚಾಪೆಯಲ್ಲಿ ಕೂತು ನಾವಿಬ್ಬರೂ ಎಷ್ಟು ರಾಣಿಯರ ಪ್ರವೇಶ ನೋಡಿಲ್ಲ! ಗ್ಯಾಸ್ ಲೈಟು ಬುಸುಗುಡಬೇಕು, ಹಾರ್ಮೋನಿಯಂ ಏರಬೇಕು, ಪರದೆ ನಡುಗಬೇಕು, ಆಗ ರಾಣಿ ಬರಬೇಕು. ನೀನು ಇದ್ಯಾವುದೂ ಇಲ್ಲದೆ ಬಂದೆ. ಮೋಟಾರಿನಿಂದ ಇಳಿದೆ, ಧೂಳು ಕೊಡವಿದೆ, ಹೊದ್ದಿದ್ದ ಶಾಲು ತೆಗೆದೆ. ಮುಗಿಯಿತು! ಮದುಮಗಳ ಜಡೆ ನೋಡುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ಕತ್ತು ತಿರುಗಿಸಿದರು. ಮದುಮಗಳೂ ತಿರುಗಿಸಿದಳು.

ಕೆನೆಬಣ್ಣದ ರೇಷ್ಮೆ. ಭುಜದ ಮೇಲೆ ಹಾಲು ಉಕ್ಕಿ ಅಲ್ಲೇ ನಿಂತಂತೆ ಉಬ್ಬಿದ ತೋಳು. ಮೊಣಕೈಗೆ ಬರುವಾಗ ಸಣ್ಣಗೆ ಬಿಗಿದು, ಅಲ್ಲೊಂದು ಬೆರಳಗಲ ಲೇಸು. ಕತ್ತಿಗೆ ಎತ್ತರದ ಪಟ್ಟಿ. ಎದೆಯ ಎರಡೂ ಕಡೆ ಬಾಚಣಿಗೆಯಲ್ಲಿ ಎಳೆದ ಹಾಗೆ ಸಣ್ಣ ಸಣ್ಣ ಮಡಿಕೆ, ನಡುವೆ ಅದೇ ಬಟ್ಟೆ ಹೊದಿಸಿದ ಗುಂಡಿಗಳ ಸಾಲು. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಊಟದ ಪಂಕ್ತಿ ಮುಗಿಯುವ ತನಕ ಯೋಚಿಸಿದೆ. ಪಾಯಸ ಬಡಿಸುವಾಗ ಹೊಳೆಯಿತು. ನಮ್ಮಜ್ಜಿಯ ಫೋಟೋ! ಅಜ್ಜಿ ಹೊಸ ಮದುವಣಗಿತ್ತಿಯಾಗಿ ಕುರ್ಚಿ ಹಿಡಿದು ನಿಂತ ಫೋಟೋದಲ್ಲಿ ಇದೇ ಜಾಕೀಟು ಇದೆ. ಆ ಫೋಟೋ ಈಗ ನಿನ್ನ ಮನೆಯ ಗೋಡೆಯಲ್ಲಿದೆ. ಹಿರಿಯ ಮೊಮ್ಮಗಳು ನಾನಿರುವಾಗ ಅದು ನಿನ್ನ ಗೋಡೆಗೆ ಹೇಗೆ ಹೋಯಿತು ಎಂದು ನಾನು ಕೇಳುವುದಿಲ್ಲ. ಕೇಳುವವಳು ನಾನಲ್ಲ.

ನಿನ್ನ ಭಾವನ ಕಥೆ ಕೇಳು. ನಾನು ಕೆಂಪುಟ್ಟರೂ ಕಪ್ಪುಟ್ಟರೂ ಗೊತ್ತಾಗದ ಮನುಷ್ಯ, ಕಳಸದಿಂದ ವಾಪಸು ಬರುವ ದಾರಿಯಲ್ಲಿ ಬಾಯಿ ಬಿಟ್ಟರು. “ಅಲ್ಲ ಮಾರಾಯ್ತಿ, ಆ ತುಂಗಮ್ಮನ ತೋಳಿಗೆ ಎಂತ ಗಾಳಿ ತುಂಬ್ಸಿದ್ರಾ? ಚೆಂದ ಇತ್ತಪ್ಪ.” ಅಲ್ಲಿಂದ ಜಾವಳಿ ತನಕ ನಾನು ಅವರ ಹತ್ತಿರ ಮಾತಾಡಲಿಲ್ಲ. ಅದೂ ಅವರಿಗೆ ಗೊತ್ತಾಗಲಿಲ್ಲ.

ಈಗ ವಿಷಯ. ಮೇ ತಿಂಗಳಲ್ಲಿ ನನ್ನ ಮೈದುನ ಮಲ್ಲಿಕಾರ್ಜುನನ ಮದುವೆ, ನಮ್ಮ ಮನೆಯ ಅಂಗಳದಲ್ಲೇ. ಹಿರಿ ಸೊಸೆ ನಾನು. ಆರತಿ ಎತ್ತುವವಳು ನಾನು, ಹಾಡುವವಳು ನಾನು. ಅವತ್ತು ಜನ ನೋಡಬೇಕಾದ್ದು ನನ್ನನ್ನು. ನನಗೆ ಅಂಥದ್ದೇ ರವಿಕೆ ಬೇಕು. ಹೇಗೆ ಹೊಲಿಸಿದೆ, ಯಾರು ಹೊಲಿದರು, ಒಂದೂ ಮುಚ್ಚಿಡದೆ ಬರೆ.

ರುದ್ರಾಣಿ


ಚಿಕ್ಕಮಗಳೂರು
೨೨-೨-೧೯೩೮

ಪ್ರೀತಿಯ ಅಕ್ಕನಿಗೆ ತುಂಗಮ್ಮನ ನಮಸ್ಕಾರಗಳು. ನಿನ್ನ ಕಾಗದ ಓದಿ ನಮ್ಮವರು ನಕ್ಕರು. “ನಿಮ್ಮಕ್ಕನ ಕಾಗದಕ್ಕೆ ಟಿಕೇಟು ಇಡಬಹುದು” ಎಂದರು. ಕ್ಯೂರಿಂಗ್ ವರ್ಕ್ಸಿನಲ್ಲಿ ಈಗ ಕಾಫಿ ಬಂದು ಬೀಳುವ ಕಾಲ. ಅವರು ಮನೆಗೆ ಬರುವುದು ದೀಪ ಹಚ್ಚಿದ ಮೇಲೆ, ಮಧ್ಯಾಹ್ನವೆಲ್ಲ ನಾನೊಬ್ಬಳೇ.

ಅಜ್ಜಿಯ ಫೋಟೋ ನೋಡಿಯೇ ಹೊಲಿಸಿದ್ದು, ನೀನು ಸರಿಯಾಗಿ ಹಿಡಿದೆ. ಬಟ್ಟೆ ಕತ್ತರಿಸಿ ಜೋಡಿಸಿದ್ದು ನಮ್ಮ ಬೀದಿಯ ದರ್ಜಿ ಚಿಕ್ಕಯ್ಯ, ಕೈಹೊಲಿಗೆಯೆಲ್ಲ ನನ್ನದು. ತೋಳಿನ ಮೇಲ್ಭಾಗಕ್ಕೆ ಭುಜದ ಅಳತೆಯ ಒಂದೂವರೆ ಪಟ್ಟು ಬಟ್ಟೆ ಇಡಬೇಕು. ಅಂಚಿನಲ್ಲಿ ಎರಡು ಸಾಲು ದಾರ ಓಡಿಸಿ, ಎರಡನ್ನೂ ಒಟ್ಟಿಗೆ ಎಳೆದರೆ ನಿರಿಗೆ ಸಮನಾಗಿ ಕೂರುತ್ತದೆ. ಒಂದೇ ಸಾಲು ಹಾಕಿದರೆ ಉಬ್ಬು ಒಂದು ಕಡೆಗೆ ಮುದುಡುತ್ತದೆ. ಅದು ಬೀಳದೆ ನಿಲ್ಲುವುದಕ್ಕೆ ಒಳಗಡೆ ಗಂಜಿ ಹಾಕಿದ ಮಲ್ಲು ಬಟ್ಟೆಯ ಸಣ್ಣ ಪಟ್ಟಿ ಇದೆ, ಹೊರಗೆ ಕಾಣುವುದಿಲ್ಲ. ಎದೆಯ ಮಡಿಕೆಗಳನ್ನು ಬಟ್ಟೆ ಕತ್ತರಿಸುವ ಮೊದಲೇ ಹೊಲಿಯಬೇಕು. ಆಮೇಲೆ ಹೊಲಿದರೆ ಅಳತೆ ಕಡಿಮೆಯಾಗುತ್ತದೆ. ಒಂದೊಂದು ಮಡಿಕೆಯೂ ಭತ್ತದ ಕಾಳಿನ ಅಗಲ. ಕಣ್ಣು ನೋಯುತ್ತದೆ, ಆದರೆ ಮಧ್ಯಾಹ್ನ ಕಳೆಯುತ್ತದೆ.

ನಿನಗೂ ಹೊಲಿಸಿಕೊಡುತ್ತೇನೆ. ರವಿಕೆಗೆ ರೇಷ್ಮೆ ಕಣ ಕಳಿಸು. ಚಿಕ್ಕಯ್ಯ ಹೆಂಗಸರಿಗೆ ಟೇಪು ಹಿಡಿಯುವವನಲ್ಲ, ನಿನಗೆ ಗೊತ್ತಲ್ಲ. ಮೈಗೆ ಸರಿಯಾಗಿ ಕೂರುವ ಒಂದು ರವಿಕೆ ಅಳತೆಗೆ ಕೊಟ್ಟರೆ ಸಾಕು, ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಈಗ ಹಾಕಿಕೊಳ್ಳುವುದನ್ನೇ ಕಳಿಸು, ಅಕ್ಕ. ಕಳಸದಲ್ಲಿ ನೀನು ಸ್ವಲ್ಪ ಮೈ ತುಂಬಿಕೊಂಡ ಹಾಗೆ ಕಂಡಿತು. ಸೆರಗು ಹೊದ್ದು ಕೂತಿದ್ದೆಯಲ್ಲ, ನನಗೇ ಸರಿಯಾಗಿ ಕಾಣಲಿಲ್ಲವೋ ಏನೋ.

ತುಂಗ


ಜಾವಳಿ
೩-೩-೧೯೩೮

ಚಿ॥ ತುಂಗನಿಗೆ ಆಶೀರ್ವಾದ.

ಮೈ ತುಂಬಿಕೊಂಡಿದ್ದೇನೆಯೇ! ನಾನೇ! ಆ ದಿನ ನಾನುಟ್ಟಿದ್ದು ದಪ್ಪ ಜರಿಯ ಸೀರೆ, ಅದು ಯಾರನ್ನಾದರೂ ಮೂಟೆ ಮಾಡುತ್ತದೆ. ಪಟ್ಟಣದವರ ಕಣ್ಣಿಗೆ ಸೀರೆಗೂ ಮೈಗೂ ವ್ಯತ್ಯಾಸ ತಿಳಿಯದೇ?

ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೊತ್ತು ನಮ್ಮ ಗಾಡಿ ನಿನ್ನ ಯಜಮಾನರ ಕ್ಯೂರಿಂಗ್ ವರ್ಕ್ಸಿಗೆ ಬರುತ್ತಿದೆ. ಮೇಸ್ತ್ರಿ ಬೆಳ್ಳಿಯಪ್ಪನ ಕೈಲಿ ಒಂದು ಗಂಟು ಕಳಿಸಿದ್ದೇನೆ. ಅದರಲ್ಲಿ ಕುಂಕುಮ ಬಣ್ಣದ ರೇಷ್ಮೆ ಕಣ, ಜೊತೆಗೆ ಅಳತೆಗೆ ಹಸಿರು ರವಿಕೆ. ಅದು ನಾನು ದಿನಾ ಹಾಕುವುದು. ಮಡಿಕೆಯ ಗೆರೆ ಬಿದ್ದಿದೆ ಎಂದು ಹುಬ್ಬು ಹಾರಿಸಬೇಡ, ಒಗೆದು ಮಡಿಚಿಟ್ಟಿದ್ದೆ. ನಿಜ ಹೇಳಬೇಕೆಂದರೆ ಅದೂ ನನಗೆ ಕೊಂಚ ಸಡಿಲವೇ.

ನೀನು ಮಧ್ಯಾಹ್ನ ಕಳೆಯುವುದಿಲ್ಲ ಎನ್ನುತ್ತೀ. ಇಲ್ಲಿಗೆ ಬಾ! ದೊಡ್ಡವನು ಮರ ಹತ್ತಿದರೆ ಇಳಿಯುವುದಿಲ್ಲ, ನಡುವಿನವಳು ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಾಳೆ, ಪುಟ್ಟಿ ನನ್ನ ಸೊಂಟ ಬಿಟ್ಟು ನೆಲಕ್ಕೆ ಕಾಲಿಡುವುದಿಲ್ಲ. ಈ ಕಾಗದವನ್ನೂ ಒಂದೇ ಕೈಲಿ ಬರೆಯುತ್ತಿದ್ದೇನೆ. ನಿನಗೇನಮ್ಮ ಮಹಾರಾಣಿ! ಎಳೆಯುವವರಿಲ್ಲ, ಕೂಗುವವರಿಲ್ಲ. ಕಿಟಕಿ ಪಕ್ಕ ಹಾಯಾಗಿ ಕೂತು ಭತ್ತದ ಕಾಳಿನ ಅಗಲಕ್ಕೆ ಮಡಿಕೆ ಮಡಿಚು. ನಿನ್ನ ಪುಣ್ಯ ನನಗಿಲ್ಲ.

ರುದ್ರಾಣಿ


ಚಿಕ್ಕಮಗಳೂರು
೧೯-೩-೧೯೩೮

ಅಕ್ಕನಿಗೆ ನಮಸ್ಕಾರ.

ಬೆಳ್ಳಿಯಪ್ಪ ಗಂಟು ತಂದುಕೊಟ್ಟ. ರೇಷ್ಮೆ ಚೆನ್ನಾಗಿದೆ. ಉತ್ತರ ತಡವಾಯಿತು, ಬರೆಯಲು ಕೂರಲಾಗಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಈ ಹಸಿರು ರವಿಕೆ ನಿನ್ನ ಮದುವೆಯ ವರ್ಷದ್ದಲ್ಲವೇ? ಇದರ ಕಾಜ ಹಾಕಿದವಳು ನಾನು. ಮೂರನೆಯ ಕಾಜ ದೊಡ್ಡದಾಗಿ, ನೀನು ನನ್ನ ತಲೆಗೆ ಮೊಟಕಿದ್ದೆ. ದೊಡ್ಡವನು ಹುಟ್ಟುವುದಕ್ಕೂ ಮುಂಚಿನ ರವಿಕೆ ಇದು. ಇವತ್ತಿಗೂ ನಿನಗೆ ಆಗುತ್ತದೆಯೇ? ಇಲ್ಲವಾದರೆ ಬೇರೆ ಕಳಿಸು, ಚಿಕ್ಕಯ್ಯ ಇನ್ನೂ ಕತ್ತರಿ ಹಿಡಿದಿಲ್ಲ. ನನ್ನ ಹತ್ತಿರ ಎಂಥ ನಾಚಿಕೆ?

ತುಂಗ


ಜಾವಳಿ
೨೫-೩-೧೯೩೮

ತುಂಗಾ,

ಆಗುತ್ತದೆ! ಆಗುತ್ತದೆ! ಆಗುತ್ತದೆ! ಬೇಕಾದರೆ ನಮ್ಮ ತೋಟದ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸಾಕ್ಷಿ ಹೇಳಿಸಲೇ? ಮದುವೆಯ ವರ್ಷದ್ದಾದರೇನು, ಬಟ್ಟೆ ಗಟ್ಟಿಯಾಗಿದ್ದರೆ ಹಾಕಿಕೊಳ್ಳಬಾರದೇ? ನೀನೊಬ್ಬಳೇ ಲೋಕದಲ್ಲಿ ಬಳ್ಳಿಯಂತೆ ಇರುವವಳು, ಮಿಕ್ಕವರೆಲ್ಲ ಒನಕೆ ಎಂದುಕೊಂಡೆಯಾ?

ನನಗೆ ಅನುಮಾನ ಬೇರೆಯೇ ಇದೆ. ನನಗೆ ಅಂಥ ರವಿಕೆ ಆಗುವುದು ನಿನಗೆ ಬೇಕಿಲ್ಲ. ಮಾತಿಗೆ ಮಾತು ಬೆಳೆಸಿ, ತಿಂಗಳು ಕಳೆದು, ಕಡೆಗೆ “ಅಯ್ಯೋ ಅಕ್ಕ, ಹೊತ್ತು ಸಾಲಲಿಲ್ಲ” ಎನ್ನುತ್ತೀ. ಆಮೇಲೆ ನೀನೊಬ್ಬಳೇ ಕೆನೆಬಣ್ಣದಲ್ಲಿ ಬಂದು ನನ್ನ ಅಂಗಳದಲ್ಲೂ ಶಾಲು ತೆಗೆಯುತ್ತೀ. ಬಿಡುವುದಿಲ್ಲ! ಆ ಹಸಿರು ರವಿಕೆಯ ಅಳತೆಗೇ ಹೊಲಿಸು.

ರುದ್ರಾಣಿ


ಚಿಕ್ಕಮಗಳೂರು
೨೬-೪-೧೯೩೮

ಅಕ್ಕನಿಗೆ,

ನೀನು ಹೇಳಿದ ಹಾಗೇ ಹೊಲಿಸಿದ್ದೇನೆ. ನಮ್ಮವರ ಪರಿಚಯದ ಬಸ್ಸಿನವರ ಕೈಲಿ ಮೂಡಿಗೆರೆಗೆ ಕಳಿಸಿದ್ದೇನೆ, ಭಾವನನ್ನು ಕಳಿಸಿ ತರಿಸಿಕೋ.

ತೋಳಿನ ಉಬ್ಬು ನನ್ನದಕ್ಕಿಂತ ಚೆನ್ನಾಗಿ ಬಂದಿದೆ. ಲೇಸು ಬೆಂಗಳೂರಿನಿಂದ ತರಿಸಿದ್ದು. ಗುಂಡಿಗೆ ಬಟ್ಟೆ ಹೊದಿಸಿ, ಸುತ್ತ ಒಂದು ಸುತ್ತು ರೇಷ್ಮೆ ದಾರದಿಂದ ನಾನೇ ಹೆಣೆದಿದ್ದೇನೆ. ಚಿಕ್ಕಯ್ಯ ಯಾವಾಗಲೂ ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಾನೆ, ಮುಂದೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲಿ ಎಂದು. ನಾನೇ ಬೇಡವೆಂದೆ. ತೆಳು ರೇಷ್ಮೆ, ಒಳಗೆ ಬಟ್ಟೆ ಉಳಿದರೆ ಹೊರಗೆ ಗೆರೆ ಕಾಣುತ್ತದೆ. ಹೊಲಿಗೆಯ ಪಕ್ಕಕ್ಕೇ ಕತ್ತರಿಸಿ ಅಂಚು ಮಡಿಸಿದ್ದೇನೆ. ಒಳಮಗ್ಗುಲನ್ನು ಹೊರಗೆ ಮಾಡಿ ಹಾಕಿಕೊಂಡರೂ ಯಾರಿಗೂ ತಿಳಿಯದು. ನಿನ್ನ ಅಳತೆಯ ಬಗ್ಗೆ ನಿನಗೆ ಅನುಮಾನವೇ ಇಲ್ಲವಲ್ಲ.

ಹಾಕಿ ನೋಡಿ ಬರೆ.

ತುಂಗ


ಜಾವಳಿ
೫-೫-೧೯೩೮

ಚಿ॥ ತುಂಗನಿಗೆ,

ಬಂತು. ನೋಡಿದೆ. ಏನೆಂದು ಹೇಳಲಿ! ಗಂಟು ಬಿಚ್ಚಿದಾಗ ನಿನ್ನ ಭಾವ ಕೂಡ ಎದ್ದು ಬಂದು ನೋಡಿದರು. ಒಂದೊಂದು ಮಡಿಕೆಯನ್ನೂ ಉಗುರಿನಿಂದ ಸವರಿದೆ. ನಿನ್ನ ಬೆರಳಿಗೆ ಚಿನ್ನ ಹೊದಿಸಬೇಕು, ಆಮೇಲೆ ಹೊಟ್ಟೆಕಿಚ್ಚಿಗೆ ಆ ಚಿನ್ನ ಕಿತ್ತುಕೊಳ್ಳಬೇಕು.

ಅಚ್ಚು ಹಾಕಿದಂತೆ ಕೂತಿದೆ. ಮತ್ತೆ ಮತ್ತೆ ಕೇಳಬೇಡ.

ಇತ್ತೀಚೆಗೆ ರಾತ್ರಿ ಊಟ ಬಿಟ್ಟಿದ್ದೇನೆ. ಮದುವೆ ಮನೆಯ ಓಡಾಟ, ಹಸಿವೇ ಆಗುವುದಿಲ್ಲ. “ಎಂಥದೇ ಇದು, ಹೊಸ ವ್ರತವಾ?” ಎಂದು ನಿನ್ನ ಭಾವ ಕೇಳುತ್ತಾರೆ. ಹೆಂಗಸರಿಗೆ ನೂರು ವ್ರತ ಎಂದೆ.

ಮದುವೆಗೆ ಬಾ. ಕೆನೆಬಣ್ಣದ್ದನ್ನೇ ಹಾಕಿಕೊಂಡು ಬಾ, ನಾನು ಹೆದರುವವಳಲ್ಲ.

ರುದ್ರಾಣಿ


ಜಾವಳಿ
೨೪-೫-೧೯೩೮

ತುಂಗಮ್ಮನವರಿಗೆ,

ನೀವು ಅಲ್ಲೇ ಇದ್ದಿರಿ, ಎಲ್ಲ ನೋಡಿದಿರಿ. ಆದರೆ ನೀವು ನೋಡಿದ್ದು ಹಿಂದಿನಿಂದ. ಮುಂದಿನಿಂದ ಅನುಭವಿಸಿದವಳು ನಾನು. ಆದ್ದರಿಂದ ಆ ಅಂಕವನ್ನು ಇನ್ನೊಮ್ಮೆ ಆಡಿ ತೋರಿಸುತ್ತೇನೆ.

ಅಂಗಳ ತುಂಬ ಜನ. ಮಲ್ಲಿಕಾರ್ಜುನ ಹೆಂಡತಿಯ ಪಕ್ಕ ಕೂತಿದ್ದಾನೆ. ಪೆಟ್ರೋಮ್ಯಾಕ್ಸ್ ಬೆಳಕು ನನ್ನ ಕುಂಕುಮ ರೇಷ್ಮೆಯ ಮೇಲೆ. ಎಲ್ಲರ ಕಣ್ಣೂ ನನ್ನ ತೋಳಿನ ಮೇಲೆ! ನೀವು ಮಾತ್ರ ಮಾಸಲು ನೀಲಿ ಸೀರೆಗೆ ಸಾದಾ ರವಿಕೆ ಹಾಕಿಕೊಂಡು ಬಂದು ನನ್ನ ಹಿಂದೆ ನಿಂತಿದ್ದಿರಿ. ಯಾಕೆ ಎಂದು ಆಗ ತಿಳಿಯಲಿಲ್ಲ. ಆರತಿ ಎತ್ತಿದೆ. ಮೊದಲ ಸಾಲು ಸಣ್ಣ ದನಿಯಲ್ಲಿ ಹಾಡಿದೆ, ಏಕೆಂದರೆ ಎದೆ ತುಂಬ ಉಸಿರು ತೆಗೆದುಕೊಳ್ಳಲು ಜಾಗವಿರಲಿಲ್ಲ. ಬೀಗಿತ್ತಿ ಪಕ್ಕದವಳಿಗೆ ಹೇಳಿದಳು: “ಇದೇನ್ರೀ, ಇವ್ರ ಗಂಟಲು ಮೂಡಿಗೆರೆಗೆ ಕೇಳ್ತದೆ ಅಂದಿದ್ರು!” ಆ ಮಾತು ನನ್ನ ಕಿವಿಗೆ ಬಿತ್ತು. ನಾನು ಸುಮ್ಮನಿರುವವಳೇ? ಉಸಿರೆಳೆದೆ. ಮೇಲಿನ ಷಡ್ಜಕ್ಕೆ ಕೈ ಹಾಕಿದೆ.

ಟಪ್! ಎದೆಯ ಗುಂಡಿ ಹಾರಿ ಆರತಿ ತಟ್ಟೆಯ ಅರಿಸಿನದ ನೀರಿಗೆ ಬಿತ್ತು. ಪರ್ರ್! ಎಡ ಕಂಕುಳು. ಪರ್ರ್! ಬಲ ಕಂಕುಳು. ಮದುಮಗ ನಕ್ಕ. ಮದುಮಗಳು ಬಾಸಿಂಗದ ಮರೆಯಲ್ಲಿ ನಕ್ಕಳು. ನಿನ್ನ ಭಾವ ಚಪ್ಪರದ ಆ ತುದಿಯಿಂದ “ಏನು ಹರಿತು? ಚಪ್ಪರದ ಬಟ್ಟೆಯಾ?” ಎಂದು ಕೂಗಿದರು.

ನೀನು ನಿನ್ನ ಶಾಲು ನನ್ನ ಮೇಲೆ ಹಾಕಿ ಕೋಣೆಗೆ ಎಳೆದುಕೊಂಡು ಹೋದೆ. ತಂಗಿ ಎಂದರೆ ಇವಳು ಎಂದುಕೊಂಡೆ. ನಾನು ಸೂಜಿ ತೆಗೆದೆ. ಬಿಚ್ಚಿ ಹೊಲಿಯೋಣವೆಂದರೆ ಒಳಗೆ ಒಂದೆಳೆ ಬಟ್ಟೆ ಇಲ್ಲ. ನಾನು ಅಳುತ್ತಾ ನಿನ್ನ ಮುಖ ನೋಡಿದೆ. ಅಲ್ಲಿ ಆಶ್ಚರ್ಯವಿರಲಿಲ್ಲ ತುಂಗಾ! ನೀನು ತುಟಿ ಕಚ್ಚಿ ನಗುತ್ತಿದ್ದೆ. ಅಷ್ಟರಲ್ಲಿ ಪುಟ್ಟಿ ಓಡಿಬಂದು ನನ್ನನ್ನು ಅಪ್ಪಿಕೊಂಡಳು. ನೀನು ಅವಳನ್ನು ನನ್ನಿಂದ ಬಿಡಿಸಿ ಎತ್ತಿಕೊಂಡು ಹೊರಗೆ ಹೋದೆ. ನನ್ನನ್ನು ಹರಿದ ರವಿಕೆಯಲ್ಲಿ ಬಿಟ್ಟು, ನನ್ನ ಮಗುವನ್ನು ತೆಗೆದುಕೊಂಡು! ಆಮೇಲೆ ಪಂಕ್ತಿಗೂ ಕೂರದೆ, ಹೇಳದೆ, ಊರಿಗೆ ಹೊರಟುಬಿಟ್ಟೆ.

ದರ್ಜಿ ಬಿಡುವ ಬಟ್ಟೆಯನ್ನು ಕತ್ತರಿಸಿ ಎಸೆಯಲು ಹೇಳಿದವಳು ನೀನು. ಗೆರೆ ಕಾಣುತ್ತದೆ ಎಂದೆ. ಯಾವ ಗೆರೆ? ಹರಿಯಲೆಂದೇ ಹೊಲಿಸಿದೆಯಾ? ಹೌದೋ ಅಲ್ಲವೋ, ಅಷ್ಟೇ ಹೇಳು.

ರುದ್ರಾಣಿ


ಚಿಕ್ಕಮಗಳೂರು
೧೮-೬-೧೯೩೮

ಅಕ್ಕ,

ಹೌದು.

ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಅಲ್ಲ ಎಂದು ಬರೆಯಲು ಪ್ರಯತ್ನಪಟ್ಟೆ, ಕೈ ಬರಲಿಲ್ಲ.

ಮಾರ್ಚಿನಲ್ಲಿ ಗಂಟು ಬಂದ ದಿನ ನಿನ್ನ ಹಸಿರು ರವಿಕೆಯನ್ನು ಬಾಗಿಲು ಹಾಕಿಕೊಂಡು ನಾನೇ ಹಾಕಿ ನೋಡಿದೆ. ನನಗೆ ಸರಿಯಾಗಿ ಕೂತಿತು. ಕೂರದೆ ಏನು? ನನ್ನ ಮದುವೆಯ ರವಿಕೆಗಳೂ ಇವತ್ತಿಗೂ ಸರಿಯಾಗಿ ಕೂರುತ್ತವೆ. ಒಂದು ಹೊಲಿಗೆ ಬಿಚ್ಚಬೇಕಾಗಿ ಬಂದಿಲ್ಲ. “ಅಮ್ಮಾರೆ, ನಿಮ್ದು ಅಳತೆ ಬದಲಾಗೋದೇ ಇಲ್ಲ ನೋಡಿ, ಪುಣ್ಯವಂತರು” ಎಂದು ಚಿಕ್ಕಯ್ಯ ಹೊಗಳುತ್ತಾನೆ. ಅವನು ಬೇರೆಯವರಿಗೆಲ್ಲ ಎರಡು ಬೆರಳು ಬಟ್ಟೆ ಬಿಡುವುದು ಯಾತಕ್ಕೆ ಎಂದು ನಿನಗೆ ಗೊತ್ತಿಲ್ಲವೇ? ಬಸುರಿಗೆ, ಬಾಣಂತನಕ್ಕೆ. ನನ್ನ ರವಿಕೆಯಲ್ಲಿ ಆ ಬಟ್ಟೆ ಬಿಟ್ಟಲ್ಲೇ ಇದೆ.

ನೀನು ಬರೆದೆ: ಎಳೆಯುವವರಿಲ್ಲ, ಕೂಗುವವರಿಲ್ಲ, ನಿನ್ನ ಪುಣ್ಯ ನನಗಿಲ್ಲ ಎಂದು. ಅದನ್ನು ಒಂದು ಸಲ ಓದಿದ್ದರೆ ಸಾಕಿತ್ತು. ನಾನು ದಿನಾ ಓದಿದೆ. ಮೂರು ಮಕ್ಕಳನ್ನು ಹೆತ್ತು ಅಗಲವಾದ ಮೈಯನ್ನು ಮುಚ್ಚಿಟ್ಟು, ನನ್ನ ಮೈ ಬೇಕು ಎಂದು ನೀನು ಸುಳ್ಳು ಹೇಳುತ್ತಿದ್ದೆ. ನಾನು ನಿನ್ನನ್ನು ಕೇಳಲಿಲ್ಲವೇ? ಬೇರೆ ಕಳಿಸು ಎನ್ನಲಿಲ್ಲವೇ? ನೀನು ಮೂರು ಸಲ ಆಗುತ್ತದೆ ಎಂದೆ. ಆಗ ಅನ್ನಿಸಿತು, ಆಗಲಿ ಹಾಗಾದರೆ. ಕತ್ತರಿ ಹಿಡಿದವನು ಚಿಕ್ಕಯ್ಯ ಅಲ್ಲ, ನಾನು. ಆ ಪಕ್ಕದ ಪಟ್ಟಿಗಳು ಉದ್ದಕ್ಕೆ ಬಿದ್ದಾಗ ನನಗೆ ಹಿತವಾಯಿತು.

ಕೋಣೆಯಲ್ಲಿ ನಕ್ಕೆ. ಸುಳ್ಳು ಹೇಳುವುದಿಲ್ಲ. ಆಮೇಲೆ ಪುಟ್ಟಿ ಓಡಿಬಂದಳು. ಎಲ್ಲರೂ ನಕ್ಕ ಆ ಮೈಗೆ, ಹರಿದ ಜಾಗಕ್ಕೇ, ಮುಖ ಒತ್ತಿ ನಿಂತಳು. ಅವಳಿಗೆ ರವಿಕೆಯೇ ಕಾಣಲಿಲ್ಲ. ನನಗೆ ಅದನ್ನು ನೋಡುತ್ತ ನಿಲ್ಲಲಾಗಲಿಲ್ಲ. ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಅವಳು ನನ್ನ ಭುಜದ ಮೇಲೆ “ಅಮ್ಮ ಬೇಕು, ಅಮ್ಮ ಬೇಕು” ಎಂದು ಅತ್ತಳು. ಇಳಿಸಿಬಿಟ್ಟು ಹೊರಟೆ.

ಇನ್ನು ನೀನು ಬರೆಯದಿದ್ದರೂ ತಪ್ಪಿಲ್ಲ.

ತುಂಗ


ಜಾವಳಿ
೨-೭-೧೯೩೮

ತುಂಗಾ,

ಉತ್ತರ ಬರೆದು ಬರೆದು ಒಲೆಗೆ ಹಾಕಿದೆ. ಎಲ್ಲದರಲ್ಲೂ ನಾನೇ ಕೂಗುತ್ತಿದ್ದೆ.

ನಿನಗೆ ಸಮಾಧಾನ ಹೇಳುವ ಮಾತು ನನಗೆ ಬರುವುದಿಲ್ಲ. ನೀನು ಮಾಡಿದ್ದನ್ನು ಮರೆತೆ ಎಂದರೆ ಅದೂ ಸುಳ್ಳು. ಬೀಗರು ಮೊನ್ನೆ ಬಂದಾಗಲೂ ಆ ಮಾತೆತ್ತಿ ನಕ್ಕರು, ನನಗೆ ಉರಿಯಿತು. ನಿನ್ನ ಸೊಂಟ ನೆನೆದರೆ ಅದಕ್ಕೂ ಉರಿಯುತ್ತದೆ, ಈಗಲೂ. ಆದರೆ ನಿನ್ನ ಕಾಗದ ಓದಿದ ಮೇಲೆ ಮಕ್ಕಳನ್ನು ಬೈಯಲು ಬಾಯಿ ತೆರೆದರೆ ನೀನು ಕಿಟಕಿ ಪಕ್ಕ ಕೂತದ್ದು ಕಾಣುತ್ತದೆ. ಒಂದು ದಿನ ಕೂಡ ನಾನು ನಿನ್ನನ್ನು ಕೇಳಲಿಲ್ಲ. ಕೇಳಿದರೆ ನೋಯುತ್ತೀ ಎಂದುಕೊಂಡಿದ್ದೆ ಎಂದು ಬರೆದೆ, ಅದನ್ನೂ ಸುಟ್ಟೆ. ನನಗೆ ಹೊಳೆದಿರಲೇ ಇಲ್ಲ.

ಹೊಳೆ ಇಳಿದ ಕೂಡಲೇ ಬಸ್ಸು ಹತ್ತಿ ನಿನ್ನ ಮನೆಗೆ ಬರುತ್ತೇನೆ. ನೀನು ಬೇಡವೆಂದರೂ ಬರುತ್ತೇನೆ. ಒಂದೇ ಮಾತು ಕೇಳಬೇಕು, ನಾನಾಗಿ ತೀರ್ಮಾನಿಸಲಾರೆ. ಮಕ್ಕಳನ್ನು ಕರೆದುಕೊಂಡು ಬರಲೋ, ಒಬ್ಬಳೇ ಬರಲೋ? ನೀನು ಹೇಳಿದ ಹಾಗೆ.

ಅಕ್ಕ


ಚಿಕ್ಕಮಗಳೂರು
೯-೭-೧೯೩೮

ಅಕ್ಕ,

ಮೂವರನ್ನೂ ಕರೆದುಕೊಂಡು ಬಾ. ನಾನು ಒಂದೆರಡು ಸಲ ಎದ್ದು ಒಳಗೆ ಹೋದರೆ ಹಿಂದೆ ಬರಬೇಡ, ಯಾಕೆ ಎಂದು ಕೇಳಬೇಡ, ನಾನೇ ಹೊರಗೆ ಬರುತ್ತೇನೆ.

ನಿನ್ನ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಅವರು ಏನೇನು ಮುರಿದರು, ಚೆಲ್ಲಿದರು, ಎಲ್ಲಿಂದ ಬಿದ್ದರು, ಎಲ್ಲ ಬರೆದಿದ್ದೀ. ಏನು ತಿನ್ನುತ್ತಾರೆ ಎಂದು ಒಂದರಲ್ಲೂ ಇಲ್ಲ. ಪುಟ್ಟಿಗೆ ಅನ್ನಕ್ಕೆ ಹಾಲು ಹಾಕುವುದೋ, ಮಜ್ಜಿಗೆಯೋ? ನನಗೆ ಗೊತ್ತಿಲ್ಲ. ಬೇಗ ಬರೆ.

ತುಂಗ